ವಸಂತಾರಂಭದ ಹೂಗಳು: ಹಿತ್ತಿಲಲ್ಲಿಯೂ ಮನೆಯೊಳಗೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಬಾಲಿಕೆಯರ ಶಿಸ್ತು, ಇವುಗಳ ವಿಷಯವಾಗಿಯೇ ಇರತಕ್ಕದ್ದೆಂದು ನೀವು ಎಣಿಸಿರಬಹುದು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಈ ಸಲ ನಾವು ಒಂದು ಪಾಠವನ್ನೇ ಬರೆಯಲು ಮನಸ್ಸು ಮಾಡಿದ್ದೇವೆ. ಪಾಠವು ನಮ್ಮ ಶಿವಮೊಗ್ಗ ಭದ್ರಾವತಿಗಳ ಸುತ್ತಮುತ್ತ ವಸಂತಾರಂಭದಲ್ಲಿ ಅರಳುವ ಹೂಗಳನ್ನು ಕುರಿತದ್ದು. ಅವನ್ನು ಹಿತ್ತಿಲಲ್ಲಿ ಹೇಗೆ ನೋಡಬೇಕು, ಮನೆಯೊಳಕ್ಕೆ ಹೇಗೆ ತರಬೇಕು ಎಂಬುದನ್ನು ಕುರಿತದ್ದು. ಇದನ್ನು ನಾವು ತರಬೇತು ಹೊಂದಿದ ಉಪಾಧ್ಯಾಯಿನಿಯರಾಗಿ ಅನೇಕ ವರ್ಷ ಕಲಿಸಿದ ಬಳಿಕ ಒಬ್ಬ ಹುಡುಗಿಯಿಂದ ಕಲಿತುಕೊಂಡೆವು. ಆದುದರಿಂದ ಇದರಲ್ಲಿ ನಮ್ಮ ತಪ್ಪಿನ ಒಪ್ಪಿಕೆಯೊಂದು ಸೇರಿಕೊಂಡಿದೆ.

ಮೊದಲು ಕಾಲದ ವಿಚಾರ. ವಸಂತ ಋತುವೆಂದರೆ ಯಾವುದೆಂದು ಕೇಳಿದರೆ ಐದನೆಯ ತರಗತಿಯ ಮಗುವೂ ಚೈತ್ರ ವೈಶಾಖವೆಂದು ಹೇಳುವುದು. ಪಂಚಾಂಗದ ಲೆಕ್ಕ ಸರಿಯೇ. ಆದರೆ ಮರಗಳು ಪಂಚಾಂಗ ನೋಡುವುದಿಲ್ಲ. ನಮ್ಮ ಸೀಮೆಯಲ್ಲಿ ಹೂಗಳ ಮೆರವಣಿಗೆಯು ಮಾಘ ಫಾಲ್ಗುಣಗಳಲ್ಲಿ, ಅಂದರೆ ಪುಸ್ತಕದ ಪ್ರಕಾರ ಇನ್ನೂ ಶಿಶಿರ ಋತುವಾಗಿರುವಾಗಲೇ, ಹೊರಟುಬಿಡುತ್ತದೆ. ಎಲೆ ಉದುರುವುದೂ ಹೂ ಬಿಡುವುದೂ ಒಂದೇ ಮರದಲ್ಲಿ ಒಂದೇ ತಿಂಗಳಲ್ಲಿ ನಡೆಯುವುದುಂಟು. ಇದನ್ನು ಕಂಡ ಮಕ್ಕಳು ಗಲಿಬಿಲಿಗೊಂಡರೆ ಅವರ ತಪ್ಪಲ್ಲ. ಯಾಕೆಂದರೆ ನಮ್ಮ ಇಂಗ್ಲಿಷ್ ಪಾಠಗಳಲ್ಲಿ ವಸಂತವೆಂದರೆ ಹಿಮ ಕರಗಿ ಡ್ಯಾಫೊಡಿಲ್ ಹೂ ಅರಳುವ ಕಾಲ. ವರ್ಡ್ಸ್‌ವರ್ತ್ ಕವಿಯ ಆ ಹೆಸರಾಂತ ಪದ್ಯವನ್ನು ನಮ್ಮ ಬಾಲಿಕೆಯರು ತಲೆಮಾರುಗಳಿಂದ ಬಾಯಿಪಾಠ ಮಾಡಿದ್ದಾರೆ. ಆ ಹೂವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಅದರ ಗಡ್ಡೆಗೆ ಹಲವು ವಾರಗಳ ಕಡುಚಳಿ ತಗಲದೆ ಹೂವೇ ಬಾರದು. ತುಂಗಾತೀರದ ಜನವರಿಯ ಚಳಿ ಅದಕ್ಕೆ ಏತಕ್ಕೂ ಸಾಲದು. ಆ ಪದ್ಯವನ್ನು ಕಲಿಸಬಾರದೆಂದು ನಾವು ಹೇಳುವವರಲ್ಲ, ನಮಗೂ ಅದು ಪ್ರಿಯವೇ. ಆದರೆ ಅದನ್ನು ಒಪ್ಪಿಸುವ ಹುಡುಗಿಗೆ ಕಿಟಕಿಯ ಹೊರಗೆ ಹೂಬಿಟ್ಟು ನಿಂತ ಮರದ ಹೆಸರು ಗೊತ್ತಿಲ್ಲದಿದ್ದರೆ ಪಾಠದಲ್ಲಿ ಏನೋ ಕೊರತೆಯಾಯಿತೆಂದೇ ನಮ್ಮ ಭಾವನೆ.

ಎಲೆಯಿಲ್ಲದ ಮರವು ಹೂ ಬಿಡುವುದೇತಕ್ಕೆ? ನವೆಂಬರು ಮುಗಿಯುವಷ್ಟರಲ್ಲಿ ನಮ್ಮಲ್ಲಿ ಮಳೆಯ ಕಾಲ ತೀರಿಹೋಗುತ್ತದೆ. ಆಮೇಲೆ ನೆಲದ ತೇವ ದಿನದಿನಕ್ಕೆ ಇಳಿಯುವುದು. ಎಲೆಗಳಿದ್ದಷ್ಟು ಕಾಲ ಅವುಗಳ ಸಣ್ಣ ರಂಧ್ರಗಳ ಮೂಲಕ ನೀರು ಆವಿಯಾಗಿ ಹೋಗುತ್ತಿರುವುದರಿಂದ, ಮಿತವ್ಯಯ ಬಲ್ಲ ಗೃಹಿಣಿಯಂತೆ ಮರವು ಎಲೆಗಳನ್ನು ಕಳಚಿ ನೀರನ್ನು ಕಾಪಾಡಿಕೊಳ್ಳುತ್ತದೆ. ಕೊಂಬೆಯಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಆಹಾರವನ್ನು ಹೂವಿಗಾಗಿ ವೆಚ್ಚಮಾಡುತ್ತದೆ. ಎಲೆಯ ಮರೆಯಿಲ್ಲದ್ದರಿಂದ ಹೂವು ದೂರಕ್ಕೆ ಕಾಣುವುದು. ಹಕ್ಕಿಗಳೂ ಜೇನುಹುಳುಗಳೂ ಸುಲಭವಾಗಿ ಬರುವುವು. ಈಗ ಹೂ ಬಿಟ್ಟರೆ ಕಾಯಿ ಬಲಿತು ಬೀಜ ಉದುರುವ ಹೊತ್ತಿಗೆ ಮುಂಗಾರು ಸಮೀಪಿಸಿರುತ್ತದೆ, ಬಿದ್ದ ಬೀಜಕ್ಕೆ ಮೊಳೆಯಲು ನೀರು ಸಿಕ್ಕುತ್ತದೆ. ಚಳಿದೇಶದ ಮರಗಳಿಗೆ ಚಳಿಯೇ ಗಡಿಯಾರ; ನಮ್ಮ ಮರಗಳಿಗೆ ಬಹುಮಟ್ಟಿಗೆ ಒಣಹವೆಯು ಗಡಿಯಾರ.

ಈ ಕಾಲದಲ್ಲಿ ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಬೂರುಗ. ಮೈಮೇಲೆ ಮುಳ್ಳುಗಳುಳ್ಳ ಎತ್ತರವಾದ ಈ ಮರವು ಜನವರಿಯ ಕೊನೆಯಿಂದ ಮಾರ್ಚಿಯ ತನಕ ಎಲೆಯೊಂದೂ ಇಲ್ಲದೆ, ಅಂಗೈಯಗಲದ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತದೆ. ಐದು ದಪ್ಪ ದಳಗಳು, ನಡುವೆ ಕುಂಚದಂತೆ ಕಟ್ಟಿದ ಹತ್ತಾರು ಕೇಸರಗಳು, ಬುಡದಲ್ಲಿ ಬಟ್ಟಲು ತುಂಬ ಮಕರಂದ. ಬೆಳಗಿನ ಜಾವ ಆ ಮರದ ಕೆಳಗೆ ನಿಂತರೆ ಗೊರವಂಕ, ಪಿಕಳಾರ, ಕಾಗೆ, ಸೂರಕ್ಕಿಗಳ ಗದ್ದಲವು ನಮ್ಮ ಊಟದ ಬಿಡುವಿನ ಗದ್ದಲಕ್ಕೆ ಏನೂ ಕಡಮೆಯಿಲ್ಲ. ರಾತ್ರಿ ಬಾವಲಿಗಳು ಬರುವುವು. ಹೂವು ಬೀಳುವಾಗ ದೊಪ್ಪನೆ ಸದ್ದಾಗುತ್ತದೆ. ಮುಂದೆ ಬೇಸಗೆಯಲ್ಲಿ ಕಾಯೊಡೆದು ಅರಳೆ ಹಾರುವುದನ್ನು ಕಂಡವರು ಅನೇಕರು, ಆ ಅರಳೆಯ ತಲೆದಿಂಬಿನ ಮೇಲೆ ಮಲಗಿ ಬೆಳೆದವರೂ ಅನೇಕರು. ಅದರ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರು ಮಾತ್ರ ಕಡಮೆ.

ಎರಡನೆಯದು ಮುತ್ತುಗ. ಊರ ಮೂಡಲಿಗೆ, ತುಂಗೆಯೂ ಭದ್ರೆಯೂ ಕೂಡುವ ಕೂಡಲಿಗೆ ಫೆಬ್ರವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲಾ ನಾವು ಬಸ್ಸಿನಿಂದ ಇದನ್ನು ತೋರಿಸುತ್ತೇವೆ. ಹೊಲದ ಬದುವಿನಲ್ಲಿ ಸೊಟ್ಟ ಸೊಟ್ಟಾದ ಮರ, ಆದರೆ ಬೆಂಕಿ ಹೊತ್ತಿಕೊಂಡಂತೆ ಹೂ. ಕಪ್ಪು ಮಖಮಲ್ಲಿನಂಥ ಪುಷ್ಪಪಾತ್ರೆಯಿಂದ ಕಿತ್ತಳೆಯ ಬಣ್ಣದ ದಳಗಳು ಗಿಣಿಯ ಕೊಕ್ಕಿನ ಹಾಗೆ ಬಾಗಿ ಹೊರಬರುವುವು. ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕವೆಂದು ಹೆಸರು. ಇದೇನು ಗಿಣಿಯೋ ಎಂದು ಅದರ ಅರ್ಥ. ಪರಿಮಳವಿಲ್ಲ, ಯಾಕೆಂದರೆ ಇದು ಕರೆಯುವುದು ಹಕ್ಕಿಗಳನ್ನು, ಹಕ್ಕಿಗಳಿಗೆ ಪರಿಮಳಕ್ಕಿಂತ ಬಣ್ಣವೇ ಮುಖ್ಯ. ಹೂವನ್ನು ನೀರಲ್ಲಿ ಕುದಿಸಿದರೆ ಬರುವ ಹಳದಿಗೆಂಪು ಬಣ್ಣವನ್ನು ಕಾಮನ ಹುಣ್ಣಿಮೆಯ ಓಕುಳಿಗೂ ಬಟ್ಟೆಯ ಬಣ್ಣಕ್ಕೂ ಹಿಂದಿನವರು ಬಳಸುತ್ತಿದ್ದರು. ಅಂಗಡಿಯ ಬಣ್ಣದಿಂದ ಮುಖ ಕೆಡಿಸಿಕೊಂಡು ಮರುದಿನ ರಜದ ಚೀಟಿ ಕಳುಹಿಸುವ ನಮ್ಮ ಹುಡುಗಿಯರಿಗೆ ಇದನ್ನು ಪ್ರತಿವರ್ಷವೂ ಜ್ಞಾಪಿಸುತ್ತೇವೆ.

ಮಾವಿನ ಹೂವನ್ನು ಯಾರೂ ಹೂವೆಂದು ಲೆಕ್ಕಿಸುವುದೇ ಇಲ್ಲ. ಒಂದೊಂದು ಗೊಂಚಲಿನಲ್ಲಿ ಸಾವಿರಕ್ಕೆ ಮಿಕ್ಕಿ ಸಣ್ಣ ಹೂಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಬರಿಯ ಗಂಡುಹೂಗಳು, ಉಳಿದವು ಗಂಡು ಹೆಣ್ಣು ಎರಡು ಭಾಗಗಳೂ ಉಳ್ಳವು. ಕಾಯಾಗುವುದು ಈ ಎರಡನೆಯ ಬಗೆಯೇ, ಅದರಲ್ಲಿಯೂ ಬೆರಳೆಣಿಕೆಯಷ್ಟು. ಸಾಗರ ಹೊಸನಗರದ ಕಡೆಯ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಚಪ್ಪರಿಸುವಾಗ ಒಂದೊಂದು ಮಿಡಿಯ ಹಿಂದೆ ಎಷ್ಟು ಹೂಗಳು ಉದುರಿಹೋಗಿವೆ ಎಂಬುದನ್ನು ನೆನೆಯಬಹುದು. ಹೂವಿನ ಕಾಲದಲ್ಲಿ ಮೋಡ ಮುಸುಕಿ ಮಂಜು ಕವಿದರೆ ಬೂದಿರೋಗವೂ ಜಿಗಿಹುಳುವೂ ತಗಲಿ ಗೊಂಚಲು ಕಪ್ಪಾಗುವುದನ್ನು ಮಲೆನಾಡಿನ ಪೋಷಕರು ನಮಗಿಂತ ಚೆನ್ನಾಗಿ ಬಲ್ಲರು.

ಹಾಲವಾಣ, ಸೀತಾಶೋಕ, ಬೇವು, ಹೊಂಗೆ ಇವುಗಳ ವಿಷಯವನ್ನು ವಿಸ್ತರಿಸುವುದಿಲ್ಲ. ಹೊರದೇಶದಿಂದ ಬಂದು ನಮ್ಮವಾದ ಮರಗಳೂ ಇವೆ. ಫೆಬ್ರವರಿ ಮಾರ್ಚಿಗಳಲ್ಲಿ ನಸುಗೆಂಪಾಗಿ ಅರಳುವ ಟಬೂಬಿಯ, ಅದರ ಹಿಂದೆಯೇ ನೀಲಿಯಾಗುವ ಜಕರಂದ, ಎರಡೂ ಅಮೆರಿಕ ಖಂಡದವು. ೧೯೦೮ರಿಂದ ೧೯೩೨ರ ವರೆಗೆ ಲಾಲ್‌ಬಾಗಿನ ಆಡಳಿತ ನಡೆಸಿದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್‌ರವರು ಒಂದು ಜಾತಿ ಮುಗಿಯುವಾಗ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡಿಸಿದರು. ಅಂಥ ಯೋಜನೆಯನ್ನು ಒಂದು ಶಾಲೆಯ ಆವರಣದಲ್ಲಿಯೂ ಮಾಡಬಹುದೆಂದು ನಮಗೆ ಬಹಳ ದಿನದ ಆಸೆಯಿತ್ತು. ಆಸೆಯಿದ್ದವರ ಕಣ್ಣೆದುರಿಗೇ ಏನಾಯಿತೆಂಬುದನ್ನು ಈಗ ಹೇಳುತ್ತೇವೆ.

ನಮ್ಮ ಶಾಲೆಯ ಹಿಂಬದಿಯ ಗೋಡೆಯ ಉದ್ದಕ್ಕೂ ಗೊಬ್ಬರದ ಗಿಡದ ಬೇಲಿಯಿದೆ. ಗ್ಲಿರಿಸೀಡಿಯವೆಂದು ಅದರ ಶಾಸ್ತ್ರೀಯ ಹೆಸರು. ಇದೂ ಮಧ್ಯ ಅಮೆರಿಕದ್ದು. ಕೊಂಬೆ ಕಡಿದು ನೆಟ್ಟರೆ ಬದುಕುತ್ತದೆ, ಸೊಪ್ಪು ಗದ್ದೆಗೂ ತೋಟಕ್ಕೂ ಹಸುರುಗೊಬ್ಬರವಾಗುತ್ತದೆ. ಇದರ ಬೀಜ ಇಲಿಗಳಿಗೆ ವಿಷವಾದ್ದರಿಂದ ಇಲಿಯನ್ನು ಕೊಲ್ಲುವುದೆಂಬ ಅರ್ಥದ ಹೆಸರನ್ನೇ ಪಂಡಿತರು ಇಟ್ಟರು. ವಾರ್ಷಿಕೋತ್ಸವವೂ ಗಣರಾಜ್ಯೋತ್ಸವವೂ ಜನವರಿಯ ಕೊನೆಗೆ ಬರುವುದರಿಂದ, ಆವರಣವು ಒಪ್ಪವಾಗಿ ಕಾಣಲೆಂದು ಪ್ರತಿವರ್ಷವೂ ಸಂಕ್ರಾಂತಿ ಮುಗಿದ ವಾರ ನಮ್ಮ ಅಪ್ಪಣೆಯಂತೆ ಮಾಲಿಯು ಆ ಬೇಲಿಯನ್ನು ಮೊಳಕಾಲೆತ್ತರಕ್ಕೆ ಸವರುತ್ತಿದ್ದನು. ಹೀಗೆ ಹಲವು ವರ್ಷ ನಡೆಯಿತು.

೨೦೧೯ನೆಯ ಜನವರಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು ಕೇಳಿದಳು: “ಮಿಸ್, ಪೇಪರ್ ಟೌನಿನಲ್ಲಿ ನಮ್ಮ ಹಳೆಯ ಮನೆ ಹಿಂದೆ ಇದೇ ಗಿಡ ಇತ್ತು. ಶಿವರಾತ್ರಿ ಹೊತ್ತಿಗೆ ಮೈತುಂಬಾ ಹೂ ಬಿಡ್ತಿತ್ತು. ನಮ್ಮ ಸ್ಕೂಲಿನದು ಯಾಕೆ ಬಿಡೋದಿಲ್ಲ?”

ಆ ಹುಡುಗಿಯು ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವಳು. ಆಕೆಯ ಹಿನ್ನೆಲೆಯನ್ನು ತಿಳಿಯದೆ ಈ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿತ್ತು. ಅಲ್ಲಿ ೧೯೨೩ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದಾಗ ಅದಿರನ್ನು ಕರಗಿಸಲು ಬಳಸಿದ್ದು ಮಲೆನಾಡಿನ ಕಾಡುಮರದ ಇದ್ದಲು. ೧೯೩೬ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಕಾಡಿನ ಬಲದಿಂದಲೇ ನಡೆಯಿತು. ಈ ಎರಡು ಕಾರ್ಖಾನೆಗಳು ಸಾವಿರಾರು ಸಂಸಾರಗಳಿಗೆ ಅನ್ನವನ್ನೂ ಮಕ್ಕಳಿಗೆ ವಿದ್ಯೆಯನ್ನೂ ಕೊಟ್ಟವು. ನಮ್ಮ ಹಾಜರಿ ಪುಸ್ತಕಗಳಲ್ಲಿ ನ್ಯೂ ಟೌನ್, ಪೇಪರ್ ಟೌನ್ ಎಂಬ ವಿಳಾಸಗಳು ಎಷ್ಟಿವೆಯೋ! ಅಲ್ಲಿಯ ವಸತಿಗೃಹಗಳಿಗೆ ಹಿಂದೆ ಮುಂದೆ ಒಂದಿಷ್ಟು ನೆಲವಿದ್ದು ಒಬ್ಬೊಬ್ಬ ತಾಯಿಯೂ ತನ್ನ ಕೈಲಾದಷ್ಟು ಹೂದೋಟ ಮಾಡಿಕೊಂಡಿದ್ದಳು. ೨೦೧೫ರಲ್ಲಿ ಕಾಗದದ ಉತ್ಪಾದನೆ ನಿಂತಿತು. ಕೆಲವರು ಊರು ಬಿಟ್ಟರು, ಕೆಲವರು ಬಾಡಿಗೆಯ ಮನೆ ಹಿಡಿದರು. ಈ ಹುಡುಗಿಯ ತಂದೆಯು ಅಲ್ಲಿ ಕೆಲಸದಲ್ಲಿದ್ದವರು. ಅವರು ವಸತಿಗೃಹ ತೆರವು ಮಾಡಿದಾಗ ಹಿತ್ತಿಲಿನಿಂದ ತಂದದ್ದು ಒಂದು ದುಂಡುಮಲ್ಲಿಗೆಯ ಕುಂಡ ಮಾತ್ರ. ಗೊಬ್ಬರದ ಗಿಡವನ್ನು ಯಾರು ತರುತ್ತಾರೆ?

ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮದು ಬೇರೆ ಜಾತಿಯಿರಬಹುದೆಂದು ಹೇಳಿ ಕಳುಹಿಸಿಬಿಟ್ಟೆವು. ಆ ವಾರವೇ ಮಾಲಿಯು ಬೇಲಿ ಸವರಿದನು. ಕಡಿದ ಕೊಂಬೆಗಳು ಗುಂಡಿಯ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಹುಡುಗಿಯು ಕೇಳದೆ ಹೇಳದೆ ಅವುಗಳಿಂದ ಏಳೆಂಟನ್ನು ಆರಿಸಿ ವಿಜ್ಞಾನದ ಕೊಠಡಿಯ ಮೂಲೆಯಲ್ಲಿ ಒಂದು ಬಕೀಟಿನ ನೀರಿನಲ್ಲಿ ನಿಲ್ಲಿಸಿದಳು. ನೋಡುವುದಕ್ಕೆ ಒಣಕಟ್ಟಿಗೆಯಂತೆಯೇ ಇದ್ದ ಅವನ್ನು ಎಸೆಯಬೇಕೆಂದು ಜವಾನನು ಎರಡು ಸಲ ಅಪ್ಪಣೆ ಕೇಳಿದನಂತೆ. ಹತ್ತು ದಿನ ಕಳೆಯುವಷ್ಟರಲ್ಲಿ ಆ ಕಟ್ಟಿಗೆಗಳ ಮೈಯ ಮೇಲಿದ್ದ ಬೂದುಬಣ್ಣದ ಗುಬುಟುಗಳು ಒಡೆದು, ನಸುಗೆಂಪೂ ಬಿಳುಪೂ ಬೆರೆತ ಹೂಗಳು ಒಂದರ ಮೇಲೊಂದು ಅರಳಿ ನಿಂತವು. ಬೇರೆ ಜಾತಿಯಾಗಿರಲಿಲ್ಲ. ವರ್ಷವರ್ಷವೂ ಮೊಗ್ಗು ತುಂಬಿದ ಹೊತ್ತಿಗೆ ಸರಿಯಾಗಿ ನಾವು ಕತ್ತಿ ಹಾಕಿಸುತ್ತಿದ್ದೆವು.

ಇದಕ್ಕಿಂತ ಹೆಚ್ಚಿನ ನಾಚಿಕೆಯ ಸಂಗತಿ ಇನ್ನೊಂದುಂಟು. ಸಸ್ಯಶಾಸ್ತ್ರದ ಪಾಠದಲ್ಲಿ ಚಿಟ್ಟೆಯಾಕಾರದ ಹೂವೆಂಬ ವಿಷಯ ಬರುತ್ತದೆ. ಮೇಲೆ ಧ್ವಜದಂತೆ ಒಂದು ದಳ, ಪಕ್ಕಕ್ಕೆ ರೆಕ್ಕೆಯಂತೆ ಎರಡು, ಕೆಳಗೆ ದೋಣಿಯಂತೆ ಕೂಡಿದ ಎರಡು. ಪುಸ್ತಕದಲ್ಲಿ ಬಟಾಣಿಯ ಹೂವಿನ ಚಿತ್ರವಿರುವುದರಿಂದ ನಾವು ಬಟಾಣಿಯ ಹೂವಿಗಾಗಿ ಸಂತೆಯ ಹೆಂಗಸರನ್ನು ಕೇಳಿ, ಸಿಕ್ಕದೆ, ಬಣ್ಣದ ಪಟವನ್ನು ಗೋಡೆಗೆ ತೂಗುಹಾಕಿ ಪಾಠ ಮುಗಿಸುತ್ತಿದ್ದೆವು. ಆ ಬಕೀಟಿನ ಹೂವನ್ನು ಬಿಡಿಸಿ ನೋಡಿದರೆ ಧ್ವಜ, ರೆಕ್ಕೆ, ದೋಣಿ ಎಲ್ಲವೂ ಇದ್ದವು. ಮುತ್ತುಗವೂ ಹಾಲವಾಣವೂ ಹೊಂಗೆಯೂ ಇದೇ ಕುಟುಂಬದವು. ಊರೆಲ್ಲಾ ಮಾದರಿಗಳಿಂದ ತುಂಬಿರುವಾಗ ನಾವು ಪಟ ತೋರಿಸಿದ್ದೆವು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮ ವಾಚನಾಲಯದ ಬೀರುವಿನಲ್ಲಿಯೇ ಇದೆ. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಆ ಪುಸ್ತಕವನ್ನು, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡವನ್ನೇ ತೋರಿಸಿ ಕಲಿಸಿದ ಅಧ್ಯಾಪಕರ ಆ ಬರಹವನ್ನು, ನಾವು ಓದಿ ಮೆಚ್ಚಿ ಬೀಗ ಹಾಕಿಟ್ಟಿದ್ದೆವು.

ಮಾಲಿಯನ್ನು ಕರೆದು ಕೇಳಲಾಗಿ ಅವನ ಮಾತಿನಲ್ಲಿಯೂ ನ್ಯಾಯವಿತ್ತು. “ಅಮ್ಮಾವ್ರೇ, ಮಲ್ಲಿಗೇನೂ ಈಗಲೇ ಸವರೋದು. ಸವರಿದರೇನೇ ಹೂ ಜಾಸ್ತಿ. ಇದಕ್ಕೂ ಹಾಗೇ ಅಂದ್ಕೊಂಡೆ” ಎಂದನು. ಮನೆಯಲ್ಲಿ ಗಿಡವುಳ್ಳವರೆಲ್ಲರೂ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ದುಂಡುಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ದಾಸವಾಳವೂ ಗುಲಾಬಿಯೂ ಹಾಗೆಯೇ. ಆದುದರಿಂದ ಮಲ್ಲಿಗೆಯನ್ನು ಡಿಸೆಂಬರು ಜನವರಿಗಳಲ್ಲಿ ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು ನೀರು ಹಾಕಿದರೆ ಫೆಬ್ರವರಿಯ ಕೊನೆಯಿಂದ ಬೇಸಗೆ ಪೂರ್ತಿ ಹೂ ಸಿಕ್ಕುವುದು. ಗೊಬ್ಬರದ ಗಿಡದ ಮೊಗ್ಗು ಮೂಡುವುದಾದರೋ ಹಿಂದಿನ ವರ್ಷ ಬಲಿತ ಕೊಂಬೆಯಲ್ಲಿ. ಮಾವಿನ ಹೂಗೊಂಚಲೂ ಬಲಿತ ರೆಂಬೆಯ ತುದಿಯಲ್ಲಿಯೇ ಬರುತ್ತದೆ. ಇಂಥವುಗಳನ್ನು ಹೂವಿನ ಮುಂಚೆ ಕಡಿದರೆ ಆ ವರ್ಷದ ಹೂವನ್ನೇ ಕಡಿದಂತಾಯಿತು. ಇವನ್ನು ಸವರಬೇಕಾದರೆ ಹೂವೋ ಫಸಲೋ ಮುಗಿದ ಮೇಲೆ ಸವರತಕ್ಕದ್ದು. ಗಿಡ ಯಾವ ಬಗೆಯದೆಂದು ತಿಳಿಯದಿದ್ದರೆ ಒಂದು ವರ್ಷ ಕತ್ತಿಯನ್ನು ಕೆಳಗಿಟ್ಟು ಅದು ಎಲ್ಲಿ ಮೊಗ್ಗು ಬಿಡುವುದೆಂದು ನೋಡಿಕೊಂಡರಾಯಿತು.

ಹುಡುಗಿಯು ತನಗೆ ತಿಳಿಯದೆಯೇ ಮಾಡಿದ ಬಕೀಟಿನ ಪ್ರಯೋಗವು ಬೇರೆ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಜರ್ಮನಿಯಲ್ಲಿ ಡಿಸೆಂಬರ್ ೪ರಂದು, ಸಂತ ಬಾರ್ಬರಳ ಸ್ಮರಣೆಯ ದಿನ, ಚೆರಿ ಮರದ ಬೋಳು ಕೊಂಬೆಯನ್ನು ಕಡಿದು ತಂದು ಬೆಚ್ಚಗಿನ ಕೋಣೆಯಲ್ಲಿ ನೀರಿಗಿಡುತ್ತಾರೆ. ಕ್ರಿಸ್ಮಸ್ ಹಬ್ಬದ ಹೊತ್ತಿಗೆ ಅದು ಅರಳಿದರೆ ಮನೆಗೆ ಶುಭವೆಂದು ಸಂತೋಷಪಡುತ್ತಾರೆ. ಇಂಗ್ಲೆಂಡ್ ಅಮೆರಿಕಗಳಲ್ಲಿಯೂ ಹೊರಗೆ ಚಳಿಯಿರುವಾಗಲೇ ಮೊಗ್ಗುಳ್ಳ ಕೊಂಬೆಗಳನ್ನು ಒಳಗೆ ತಂದು ಅರಳಿಸುವುದುಂಟು. ಅಲ್ಲಿ ಕೋಣೆಯ ಬಿಸುಪು ಮೊಗ್ಗನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಬಿಸುಪಿಗೆ ಕೊರತೆಯಿಲ್ಲ, ಕೊಂಬೆಗೆ ನೀರೊಂದು ಸಿಕ್ಕಿದರೆ ಸಾಕು. ಕಾಫಿಯ ಹೂವಿನ ಗುಟ್ಟೂ ಇದೇ: ಚಿಕ್ಕಮಗಳೂರಿನ ತೋಟಗಳಲ್ಲಿ ಒಣಹವೆಯಲ್ಲಿ ನಿದ್ರಿಸುತ್ತಿದ್ದ ಮೊಗ್ಗುಗಳು ಮಾರ್ಚಿ ಏಪ್ರಿಲ್‌ಗಳಲ್ಲಿ ಒಂದು ಹದವಾದ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಒಟ್ಟಿಗೆ ಅರಳಿ ಬೆಟ್ಟವೆಲ್ಲಾ ಬೆಳ್ಳಗಾಗುವುದನ್ನು ಆ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ಇನ್ನು ಮನೆಯೊಳಗಿನ ಹೂವಿನ ವಿಚಾರ. ದುಡ್ಡು ಕೊಟ್ಟು ಬೆಂಗಳೂರಿನಿಂದ ಬಂದ ಹೂಗುಚ್ಛವನ್ನು ತಂದು ಎರಡನೆಯ ದಿನಕ್ಕೆ ಬಾಡಿತೆಂದು ಕೊರಗುವವರಿದ್ದಾರೆ. ಹೂವು ಬೇಗ ಬಾಡುವುದು ಕತ್ತರಿಸಿದ ಕಾಂಡದ ಸಣ್ಣ ನಾಳಗಳಲ್ಲಿ ಗಾಳಿ ಸೇರುವುದರಿಂದಲೂ, ನೀರಿನಲ್ಲಿ ಕೊಳೆತದ್ದರಿಂದ ಸೂಕ್ಷ್ಮಜೀವಿಗಳು ಬೆಳೆದು ನಾಳವನ್ನು ಮುಚ್ಚುವುದರಿಂದಲೂ. ಆದಕಾರಣ ಬಿಸಿಲೇರುವ ಮುಂಚೆ ಕೊಯ್ಯಬೇಕು. ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಬೇಕು. ಕೂಡಲೇ ನೀರಿಗಿಟ್ಟು, ಸಾಧ್ಯವಾದರೆ ನೀರಿನೊಳಗೇ ಇನ್ನೊಂದಂಗುಲ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲಾ ಕೀಳಬೇಕು. ನೀರನ್ನು ದಿನವೂ ಬದಲಾಯಿಸಬೇಕು. ಇದೊಂದನ್ನು ಮಾಡದವರು ಉಳಿದದ್ದನ್ನೆಲ್ಲಾ ಮಾಡಿಯೂ ಪ್ರಯೋಜನವಿಲ್ಲ. ಫ್ಯಾನಿನ ಕೆಳಗೆ ಇಡಬಾರದು. ಮಾಗಿದ ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲಂತೂ ಇಡಲೇಬಾರದು, ಯಾಕೆಂದರೆ ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಹಣ್ಣನ್ನು ಮಾಗಿಸುವಂತೆಯೇ ಹೂವನ್ನೂ ಮುದಿಯಾಗಿಸುತ್ತದೆ. ಗಟ್ಟಿ ಕೊಂಬೆಗಳಾದರೆ ಬುಡವನ್ನು ಎರಡಂಗುಲ ಸೀಳಿಬಿಡಿ, ನೀರು ಚೆನ್ನಾಗಿ ಏರುವುದು.

ಪಾತ್ರೆಗೆ ಚಿಂತೆ ಬೇಡ. ಗೊಬ್ಬರದ ಗಿಡದ ಎರಡು ಕೊಂಬೆಗೆ ಹಳೆಯ ಉಪ್ಪಿನಕಾಯಿಯ ಜಾಡಿಗಿಂತ ಒಪ್ಪುವ ಪಾತ್ರೆ ಇಲ್ಲ. ಬೂರುಗದ ಹೂ ಭಾರ. ಅದನ್ನೂ ದೇವಗಣಗಿಲೆಯನ್ನೂ ಅಗಲಬಾಯಿಯ ಹಿತ್ತಾಳೆಯ ಪಾತ್ರೆಯಲ್ಲಿ ನೀರು ತುಂಬಿ ತೇಲಬಿಡುವುದು ಮೇಲು. ದೇವಗಣಗಿಲೆಯ ವಿಷಯದಲ್ಲಿ ಒಂದು ತಮಾಷೆಯುಂಟು. ಅದು ಸಂಜೆ ಪರಿಮಳ ಬೀರಿ ದೊಡ್ಡ ಪತಂಗಗಳನ್ನು ಕರೆಯುತ್ತದೆ, ಆದರೆ ಅದರಲ್ಲಿ ಮಕರಂದವೇ ಇಲ್ಲ. ಪಾಪ, ಪತಂಗಗಳು ಹೂವಿಂದ ಹೂವಿಗೆ ಹುಡುಕುತ್ತಾ ಮೋಸಹೋಗಿ ಪರಾಗವನ್ನು ಹೊತ್ತು ತಿರುಗುತ್ತವೆ. ಕಣಗಿಲೆಯನ್ನು ಮಾತ್ರ ಚಿಕ್ಕ ಮಕ್ಕಳಿರುವ ಮನೆಯೊಳಗೆ ತರಬೇಡಿ. ಅದರ ಎಲೆ, ಹೂ, ಕಡ್ಡಿ, ಎಲ್ಲವೂ ವಿಷ. ಅಡಿಕೆಯ ಹಿಂಗಾರವು ಹೂದಾನಿಯಲ್ಲಿ ಬಹಳ ಶೋಭಿಸುತ್ತದೆ. ಆದರೆ ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಹೋಯಿತೆಂಬುದು ಶಿವಮೊಗ್ಗದವರಿಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ನಮ್ಮ ಹಿರಿಯರು ಹೂವನ್ನು ಒಳಗೆ ತಂದದ್ದು ಹೂದಾನಿಗಾಗಿ ಅಲ್ಲ. ದುಂಡುಮಲ್ಲಿಗೆಯ ಮೊಗ್ಗನ್ನು ಬೆಳಗ್ಗೆಯೇ ಬಿಡಿಸಿ, ಒದ್ದೆಬಟ್ಟೆಯಲ್ಲಿಯೋ ಬಾಳೆಯೆಲೆಯಲ್ಲಿಯೋ ಸುತ್ತಿಟ್ಟು, ಬಾಳೆನಾರಿನಿಂದ ಕಟ್ಟಿದರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಬಿರಿದು ಮನೆಯೆಲ್ಲಾ ಘಮಘಮಿಸುವುದು. ಮಲೆನಾಡಿನ ಸುರಗಿಯೂ ಈ ಕಾಲದ್ದೇ. ಬಿಳಿಯ ದಳ, ಹಳದಿಯ ಕೇಸರದ ಆ ಹೂವನ್ನು ದಾರಕ್ಕೆ ಪೋಣಿಸಿ ನೆರಳಿನಲ್ಲಿ ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿಟ್ಟರೆ ತಿಂಗಳುಗಟ್ಟಲೆ ಪರಿಮಳ ಉಳಿಯುತ್ತದೆ. ರೆಂಜೆಯ ಹೂವೂ ಅಂಥದ್ದೇ. ತೀರ್ಥಹಳ್ಳಿಯ ಕಡೆಯ ಹುಡುಗಿಯೊಬ್ಬಳು ಪ್ರತಿವರ್ಷ ತಂದುಕೊಡುತ್ತಿದ್ದ ಸುರಗಿಯ ದಂಡೆ ನಮ್ಮ ಮೇಜಿನ ಖಾನೆಯಲ್ಲಿ ಇನ್ನೂ ಇದೆ. ಹಾಜರಿಯ ಪುಸ್ತಕ ತೆಗೆದಾಗಲೆಲ್ಲಾ ಅದರ ವಾಸನೆ ಬರುವುದರಿಂದ ಗೈರುಹಾಜರಾದವರ ಮೇಲೆ ನಮ್ಮ ಕೋಪ ಸ್ವಲ್ಪ ಇಳಿಯುವುದೆಂದು ನಮ್ಮ ಸಹೋದ್ಯೋಗಿಗಳು ಹೇಳುತ್ತಾರೆ. ಶಾಲೆಗೆ ಹೂ ಮುಡಿದು ಬರಬಾರದೆಂಬ ನಿಯಮವನ್ನು ಹಳೆಯ ವಿದ್ಯಾರ್ಥಿನಿಯರು ಈಗಲೂ ನಮಗೆ ನೆನಪಿಸಿ ನಗುವುದುಂಟು. ನಿಯಮ ಇದ್ದದ್ದು ನಿಜ. ಪಾಠದ ನಡುವೆ ಜಡೆಯ ಮಲ್ಲಿಗೆಗಾಗಿ ಹಿಂದಿನ ಸಾಲಿನವರು ಜಗಳವಾಡುತ್ತಿದ್ದದ್ದೂ ನಿಜ.

ಬೇಲಿಯ ಸಂಗತಿಯನ್ನು ಮುಗಿಸಬೇಕು. ೨೦೨೦ರ ಜನವರಿಯಲ್ಲಿ ಬೇಲಿಗೆ ಕತ್ತಿ ತಗಲಿಸಲಿಲ್ಲ. ವಾರ್ಷಿಕೋತ್ಸವಕ್ಕೆ ಬಂದಿದ್ದ ಮಹನೀಯರೊಬ್ಬರು ಆವರಣವನ್ನು ಇಷ್ಟು ಕಾಡಾಗಿ ಬಿಟ್ಟಿದ್ದೇಕೆಂದು ವಿಚಾರಿಸಿದರು. ಇನ್ನು ಮೂರು ವಾರದ ಮೇಲೆ ದಯಮಾಡಿಸಿ ನೋಡಬೇಕೆಂದು ಅರಿಕೆಮಾಡಿಕೊಂಡೆವು. ಅವರು ಬರಲಿಲ್ಲ. ಫೆಬ್ರವರಿಯ ಎರಡನೆಯ ವಾರದಲ್ಲಿ ಹಿಂಬದಿಯ ಗೋಡೆಯ ಉದ್ದಕ್ಕೂ, ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಎಲೆಯಿಲ್ಲದ ಕೊಂಬೆಗಳು ಹೂವಿನಿಂದ ಮುಚ್ಚಿಹೋದವು. ಜೇನುಹುಳುಗಳ ಝೇಂಕಾರ ಎಂಟನೆಯ ತರಗತಿಯ ಕೊಠಡಿಯೊಳಗೆ ಕೇಳಿಸುತ್ತಿತ್ತು. ಆ ಹುಡುಗಿ ಆಗ ಹತ್ತನೆಯ ತರಗತಿಯಲ್ಲಿದ್ದಳು. ಮಧ್ಯಾಹ್ನದ ಬುತ್ತಿಯನ್ನು ಅಲ್ಲಿಯೇ ಬಿಚ್ಚಿಕೊಂಡು ಕೂರುತ್ತಿದ್ದಳು. ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದವು. ಅವರ ಪರೀಕ್ಷೆ ಜೂನ್ ಕೊನೆಯ ವಾರಕ್ಕೆ ಹೋಯಿತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಬರೆದು ಹೋದರು. ಬೀಳ್ಕೊಡುವ ಸಮಾರಂಭವೂ ಆಗಲಿಲ್ಲ. ೨೦೨೧ರಲ್ಲಿ ಬೇಲಿ ಅರಳಿದಾಗ ಆವರಣದಲ್ಲಿ ನೋಡುವವರು ಬಹಳ ಕಡಮೆ ಮಂದಿ.

ಈಗ ಬೇಲಿಯನ್ನು ಹೂ ಮುಗಿದ ಮೇಲೆ ಏಪ್ರಿಲ್ ತಿಂಗಳಲ್ಲಿ ಸವರುತ್ತೇವೆ. ವಿಜ್ಞಾನದ ಪಾಠಕ್ಕೆ ಬಟಾಣಿಯ ಪಟವನ್ನು ತೂಗುಹಾಕುವುದಿಲ್ಲ. ಪ್ರತಿ ಜನವರಿಯಲ್ಲಿಯೂ ಒಂಬತ್ತನೆಯ ತರಗತಿಯವರು ಮೂರು ಕೊಂಬೆ ಕಡಿದು ಅದೇ ಬಕೀಟಿನಲ್ಲಿಟ್ಟು, ಮೊಗ್ಗು ಒಡೆಯುವ ದಿನವನ್ನು ಗೋಡೆಯ ಕಾಗದದ ಮೇಲೆ ಬರೆಯುತ್ತಾರೆ. ಹುಡುಗಿಯು ಕಾಲೇಜು ಸೇರಿದ ಮೇಲೆ ಒಂದು ದಿನ ತಾಯಿಯೊಂದಿಗೆ ಬಂದು, ಪೇಪರ್ ಟೌನಿನಿಂದ ತಂದ ಮಲ್ಲಿಗೆಯ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಬೇರು ಬರಿಸಿದ ಒಂದು ಸಸಿಯನ್ನು ನಮಗೆ ಕೊಟ್ಟಳು. ಅದನ್ನು ಕಚೇರಿಯ ಕಿಟಕಿಯ ಕೆಳಗೆ ನೆಟ್ಟಿದ್ದೇವೆ. ಜನವರಿಯಲ್ಲಿ ಅದನ್ನು ಮಾಲಿಯೇ ಸವರುತ್ತಾನೆ, ಯಾವುದನ್ನು ಯಾವಾಗ ಎಂಬುದರಲ್ಲಿ ಅವನಿಗೆ ಈಗ ಸಂದೇಹವಿಲ್ಲ. ಹಳೆಯ ವಿದ್ಯಾರ್ಥಿನಿಯರ ಪೈಕಿ ಯಾರಿಗಾದರೂ ಅದರ ಸಸಿ ಬೇಕಾದರೆ ಮಳೆಗಾಲದ ಆರಂಭದಲ್ಲಿ ಒಂದು ಕುಂಡವನ್ನು ಕೈಯಲ್ಲಿ ಹಿಡಿದುಕೊಂಡು ಬರಬೇಕು.